ಕುರಿ ಲೆಕ್ಕಕ್ಕೆ ಆ್ಯಪ್ ಯಾಕೆ? ಒಂದು ಶೀಟ್ ಸಾಕು

"ಓದ್ಲಿಲ್ಲ ಅಂದ್ರೆ ಕುರಿ ಕಾಯೋಕೆ ಹೋಗ್ಬೇಕಾಗುತ್ತೆ ನೋಡು." ಈ ಮಾತು ಕೇಳಿಸಿಕೊಳ್ಳದೆ ಇಂಜಿನಿಯರಿಂಗ್ ಸೀಟು ತಗೊಂಡವರು ನಮ್ಮ ಕ್ಯಾಂಪಸ್‌ನಲ್ಲಿ ಯಾರಾದ್ರೂ ಇದ್ದರೆ ಕೈ ಎತ್ತಿ. ನಾವು ಓದಿದ್ದು ಇಂಗ್ಲಿಷ್ ಮೀಡಿಯಂನಲ್ಲಿ. ಅಲ್ಲಿ ಪಾಠ ಇಂಗ್ಲಿಷಲ್ಲಿ, ಪ್ರೇಯರ್ ಇಂಗ್ಲಿಷಲ್ಲಿ, ಆದರೆ ಈ ಬೈಗುಳ ಮಾತ್ರ ಅಚ್ಚ ಕನ್ನಡದಲ್ಲೇ ಬರ್ತಿತ್ತು. ಅದರ ಅರ್ಥ ಏನಂದ್ರೆ, ಕುರಿ ಕಾಯೋಕೆ ತಲೆ ಬೇಕಾಗಿಲ್ಲ, ಲೆಕ್ಕ ಬೇಕಾಗಿಲ್ಲ, ಲೆಕ್ಕ ಬಾರದವರಿಗೆ ಅದೇ ಗತಿ.

ಇದು ಪೂರ್ತಿ ತಲೆಕೆಳಗಾದ ಮಾತು ಅಂತ ನಮ್ಮ ಅಭಿಪ್ರಾಯ. ಕುರಿ ಸಾಕೋದು ದಿನಾಂಕಗಳ ಕೆಲಸ, ಸರಾಸರಿಗಳ ಕೆಲಸ. ಆ ಲೆಕ್ಕದಲ್ಲಿ ನಮ್ಮಂಥವರು ನಿಜವಾಗಿ ಸಹಾಯ ಮಾಡಬಹುದು. ಆದರೆ ಪ್ರತಿ ವರ್ಷ ಪ್ರಾಜೆಕ್ಟ್ ಎಕ್ಸಿಬಿಷನ್‌ನಲ್ಲಿ ನೋಡ್ತೀವಲ್ಲ, "ಸ್ಮಾರ್ಟ್ ಲೈವ್‌ಸ್ಟಾಕ್" ಅಂತ ಕೊರಳಪಟ್ಟಿ, ಸೆನ್ಸರ್, ಕ್ಲೌಡು, ಆ್ಯಪು, ಆ ದಾರಿಯಲ್ಲಿ ಅಲ್ಲ. ಎರಡು ಮೂರು ಹಾಳೆಯ ಒಂದು ಸ್ಪ್ರೆಡ್‌ಶೀಟ್ ಸಾಕು, ಅದೂ ಕನ್ನಡದಲ್ಲಿ. ಯಾಕೆ ಅಂತ ಹೇಳ್ತೀವಿ, ಒಪ್ಪದಿದ್ದರೆ ಕೆಳಗೆ ಜಗಳ ಆಡಿ.

ಎಷ್ಟು ಕುರಿ, ಯಾರ ಕುರಿ

ಮೊದಲು ಅಳತೆ ಗೊತ್ತಿರಲಿ. 2019ರ 20ನೇ ಜಾನುವಾರು ಗಣತಿ ಪ್ರಕಾರ ದೇಶದಲ್ಲಿ ಸುಮಾರು 7.42 ಕೋಟಿ ಕುರಿಗಳಿವೆ. ಅದರಲ್ಲಿ ಕರ್ನಾಟಕದ್ದು ಸುಮಾರು 1.11 ಕೋಟಿ. ತೆಲಂಗಾಣ, ಆಂಧ್ರ ಬಿಟ್ಟರೆ ನಾವೇ ಮೂರನೆಯವರು. ಮಂಡ್ಯ ಕಡೆ ಬಂಡೂರು, ಉತ್ತರದಲ್ಲಿ ದಖನಿ, ಕೊಪ್ಪಳ ರಾಯಚೂರು ಕಡೆ ಕೆಂಗುರಿ, ಮಧ್ಯದಲ್ಲಿ ಬಳ್ಳಾರಿ ತಳಿ. ಇದರಲ್ಲಿ ಬಹುಪಾಲು ದೊಡ್ಡ ಫಾರ್ಮ್‌ಗಳಲ್ಲಿ ಇಲ್ಲ. ಇಪ್ಪತ್ತು, ನಲವತ್ತು, ಐವತ್ತು ಕುರಿ ಇಟ್ಟುಕೊಂಡ ಮನೆಗಳಲ್ಲಿವೆ.

ಅಂಥ ಒಂದು ಮನೆ ನಮ್ಮಲ್ಲೊಬ್ಬನ ಸೋದರಮಾವನದು, ಶಿರಾ ಕಡೆ. ಹೋದ ರಜೆಯಿಂದ ಅಲ್ಲಿಯ ಕುರಿ ಲೆಕ್ಕ ಶೀಟಿಗೆ ಹಾಕೋ ಕೆಲಸ ನಡೀತಿದೆ. ಒಟ್ಟು 46 ಜೀವ. 30 ಈಯುವ ಕುರಿ, 2 ಟಗರು, ಉಳಿದದ್ದು ಮರಿ. ಆ 30ರಲ್ಲಿ 9 ಕುರಿ ಮಾವನದ್ದಲ್ಲ, ಬೇರೆಯವರು ಪಾಲಿಗೆ ಬಿಟ್ಟದ್ದು. ಸಾಕೋದು ಮಾವ, ಹುಟ್ಟಿದ ಮರಿಯಲ್ಲಿ ಇಬ್ಬರಿಗೂ ಪಾಲು. ಹಳ್ಳಿ ಕಡೆಯವರಿಗೆ ಇದು ಗೊತ್ತಿರೋ ಪದ್ಧತಿ. ಇದನ್ನ ಯಾಕೆ ಹೇಳ್ತಿದೀವಿ ಅಂದ್ರೆ, ಲೆಕ್ಕ ಅನ್ನೋದು ಇಲ್ಲಿ ಹವ್ಯಾಸ ಅಲ್ಲ. "ನನ್ನ ಕುರಿ ಹಾಕಿದ ಮರಿ ಎಲ್ಲಿ?" ಅಂತ ಪಾಲುದಾರ ಕೇಳಿದಾಗ "ಸತ್ತುಹೋಯ್ತು" ಅಂತ ಬಾಯಲ್ಲಿ ಹೇಳೋದಕ್ಕೂ, ಯಾವ ದಿನ, ಎಷ್ಟು ತಿಂಗಳ ಮರಿ, ಯಾವ ಕಾಯಿಲೆ ಅಂತ ಬರೆದದ್ದು ತೋರಿಸೋದಕ್ಕೂ ತುಂಬ ವ್ಯತ್ಯಾಸ ಇದೆ. ಮೊದಲನೆಯದು ಜಗಳ, ಎರಡನೆಯದು ಲೆಕ್ಕ. ಇಂಥ ಜಗಳದಲ್ಲಿ ಸೋಲೋದು ಯಾವಾಗಲೂ ಸಾಕಿದವನೇ.

"ನಂಗೆಲ್ಲ ನೆನಪೈತೆ"

ಈ ವಿಷಯ ಎತ್ತಿದ ತಕ್ಷಣ ಬರೋ ಮೊದಲ ಆಕ್ಷೇಪ ಇದು. ಮಾವ ಹೇಳಿದ್ದೂ ಇದೇ: "ಲೇ ಹುಡುಗ್ರಾ, ನಂಗೆಲ್ಲ ನೆನಪೈತೆ. ಮುಖ ನೋಡಿದ್ರೆ ಯಾರ್ ಮಗಳು ಅಂತ ಹೇಳ್ತೀನಿ." ಅದು ನಿಜ ಕೂಡ. ನಮ್ಮ ಕಣ್ಣಿಗೆ 46 ಕುರಿಯೂ ಒಂದೇ ಥರ ಕಂಡವು, ಅವರಿಗೆ 46 ಬೇರೆ ಬೇರೆ ಮುಖ. ರಾತ್ರಿ ರೊಪ್ಪದಲ್ಲಿ ಮರಿ ಕೂಗಿದರೆ ಯಾವ ಕುರಿಯದು ಅಂತ ದನಿಯಲ್ಲೇ ಹೇಳ್ತಾರೆ. ನಮ್ಮ ಫೇಸ್ ರೆಕಗ್ನಿಷನ್ ಪ್ರಾಜೆಕ್ಟು ಇವರ ಮುಂದೆ ಏನೂ ಅಲ್ಲ.

ಆದರೆ ನೆನಪು ಮಾಡೋ ಕೆಲಸ ಬೇರೆ, ಬರಹ ಮಾಡೋ ಕೆಲಸ ಬೇರೆ. ಯಾವ ಕುರಿ ಯಾವುದರ ಮಗಳು ಅನ್ನೋದು ನೆನಪಲ್ಲಿ ಉಳಿಯುತ್ತೆ. ಒಂದು ಈತಕ್ಕೂ ಇನ್ನೊಂದು ಈತಕ್ಕೂ ನಡುವೆ ಎಷ್ಟು ದಿನ, ಮೂರು ವರ್ಷದ ಸರಾಸರಿ ಏನು, ಸತ್ತ ಮರಿಗಳಲ್ಲಿ ಎಷ್ಟು ಮೊದಲ ತಿಂಗಳಲ್ಲೇ ಸತ್ತವು, ಇದು ಉಳಿಯಲ್ಲ. ಯಾರ ತಲೆಯಲ್ಲೂ ಉಳಿಯಲ್ಲ, ನಮ್ಮ ಪ್ರೊಫೆಸರ್ ತಲೆಯಲ್ಲೂ ಇಲ್ಲ. ಇನ್ನೊಂದು ವಿಷಯ: ನೆನಪನ್ನ ಕೈಗೆ ಕೊಡೋಕಾಗಲ್ಲ. ಮಾವ ಹದಿನೈದು ದಿನ ಜ್ವರ ಬಂದು ಮಲಗಿದರೆ ಮಂದೆಯ ಇತಿಹಾಸವೂ ಅವರ ಜೊತೆ ಮಲಗುತ್ತೆ.

ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಕುರಿ ಗಬ್ಬ ನಿಂತು ಈಯೋಕೆ ಸುಮಾರು 150 ದಿನ, ಅಂದ್ರೆ ಐದು ತಿಂಗಳು. ಈದ ಮೇಲೆ ಮತ್ತೆ ಮೂರು ತಿಂಗಳಲ್ಲಿ ಗಬ್ಬ ಆದರೆ ಎಂಟು ತಿಂಗಳಿಗೊಂದು ಈತ. ಎರಡು ವರ್ಷಕ್ಕೆ ಮೂರು. 30 ಕುರಿಗೆ ವರ್ಷಕ್ಕೆ 45 ಈತ. ಅದೇ ಅಂತರ ಹತ್ತು ತಿಂಗಳಾದರೆ 36. ಹನ್ನೆರಡು ತಿಂಗಳಾದರೆ 30. ಕುರಿ ಅವೇ, ಮೇವು ಅದೇ, ಕಾಯೋ ಕಷ್ಟ ಅದೇ, ಆದರೆ ವರ್ಷಕ್ಕೆ 15 ಈತದ ವ್ಯತ್ಯಾಸ. ಈ ಎರಡು ನಾಲ್ಕು ತಿಂಗಳ ಜಾರುವಿಕೆ ಕಣ್ಣಿಗೆ ಕಾಣೋದಿಲ್ಲ. ಯಾವ ಕುರಿಯೂ ಬಂದು "ನಂಗೆ ಲೇಟಾಯ್ತು" ಅಂತ ಹೇಳಲ್ಲ. ಶೀಟಲ್ಲಿ ಮಾತ್ರ ಅದು ಒಂದು ಸಾಲಾಗಿ ಎದ್ದು ಕಾಣುತ್ತೆ.

ಕಣ್ಣು ಮೋಸ ಮಾಡೋ ಎರಡು ಜಾಗ

ಇದು ನಮಗೆ ತುಂಬ ಇಷ್ಟವಾದ ವಿಷಯ, ಯಾಕಂದ್ರೆ ಇಲ್ಲಿ ಅನುಭವಸ್ಥರ ಕಣ್ಣೂ ಸೋಲುತ್ತೆ.

ಮೊದಲನೆಯದು ದಪ್ಪ ಕುರಿ. ಮಂದೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಮೈ ತುಂಬಿಕೊಂಡು ಹೊಳೀತಿರೋ ಕುರಿ ಯಾವುದು? ಎಷ್ಟೋ ಸಲ ಅದು ಈ ವರ್ಷ ಈಯದೇ ಇರೋ ಕುರಿ, ಇಲ್ಲವೇ ಮರಿ ಸತ್ತು ಹಾಲು ಕೊಡದೆ ಉಳಿದ ಕುರಿ. ಎರಡು ಮರಿ ಸಾಕಿದ ತಾಯಿ ಸೊರಗಿ, ಉಣ್ಣೆ ಕೆದರಿ, ನೋಡೋಕೆ ಬಡಕಲಾಗಿರುತ್ತೆ. ದುಡ್ಡಿನ ತುರ್ತು ಬಂದಾಗ "ಇದು ಬಡಕಲು, ಕೊಟ್ಟುಬಿಡೋಣ" ಅಂತ ಒಳ್ಳೆ ತಾಯಿಯನ್ನೇ ಸಂತೆಗೆ ಹೊಡೆದುಕೊಂಡು ಹೋಗೋ ಸಾಧ್ಯತೆ ಇದೆ. ಮೂರು ಈತದ ದಾಖಲೆ ಮುಂದಿದ್ದರೆ ಆ ತಪ್ಪು ಆಗೋದಿಲ್ಲ.

ಎರಡನೆಯದು ಟಗರು. ಬೇಗ ಬೆಳೆದ, ಎತ್ತರದ, ಚೆಂದದ ಟಗರು ಮರಿಗೆ ಬಕ್ರೀದಿಗೋ ವರ್ಷತೊಡಕಿಗೋ ಒಳ್ಳೆ ರೇಟು. ಹಾಗಾಗಿ ಅದು ಮೊದಲು ಮಾರಾಟ ಆಗುತ್ತೆ. ಕೊನೆಗೆ ಮಾರಾಟವಾಗದೆ ಉಳಿದ ಸಣ್ಣ ಟಗರೇ ಮಂದೆಯ ಅಪ್ಪ ಆಗುತ್ತೆ. ವರ್ಷದಿಂದ ವರ್ಷಕ್ಕೆ ಇದೇ ನಡೆದರೆ ನಾವೇ ಕೈಯಾರೆ ನಿಧಾನ ಬೆಳೆಯೋ ತಳಿಯನ್ನ ಆರಿಸಿದ ಹಾಗೆ. ಇದಕ್ಕೆ ಬೇಕಾದ ಲೆಕ್ಕ ಏನು ದೊಡ್ಡದಲ್ಲ. ಹುಟ್ಟಿದ ದಿನದ ತೂಕ, 90ನೇ ದಿನದ ತೂಕ, ಕಳೆದು 90ರಿಂದ ಭಾಗಿಸಿ. 3 ಕೆಜಿಯ ಮರಿ 12 ಕೆಜಿ ಆಗಿದ್ದರೆ ದಿನಕ್ಕೆ 100 ಗ್ರಾಂ. ಇನ್ನೊಂದು 2.8 ಕೆಜಿಯಿಂದ 14.5 ಕೆಜಿ ಆಗಿದ್ದರೆ ದಿನಕ್ಕೆ 130 ಗ್ರಾಂ. ಎರಡನೆಯದನ್ನ ಮಾರಬೇಡಿ, ಇಟ್ಟುಕೊಳ್ಳಿ. ತೂಕಕ್ಕೆ ತೂಗುಹಾಕೋ ತಕ್ಕಡಿ ಒಂದು ಚೀಲ ಇದ್ದರೆ ಆಯ್ತು.

ಟಗರಿನ ವಿಷಯದಲ್ಲೇ ಇನ್ನೊಂದಿದೆ. ಒಂದೇ ಟಗರನ್ನ ನಾಲ್ಕೈದು ವರ್ಷ ಇಟ್ಟುಕೊಂಡರೆ ಅದು ತನ್ನ ಮಗಳಿಗೇ ಸೇರುತ್ತೆ. ತಂದೆ ಮಗಳ ಮರಿಯಲ್ಲಿ ಇನ್‌ಬ್ರೀಡಿಂಗ್ ಪ್ರಮಾಣ ಕಾಲು ಭಾಗ, ಅಂದ್ರೆ 25 ಪರ್ಸೆಂಟ್. ಮರಿ ಸಣ್ಣದಾಗಿ ಹುಟ್ಟೋದು, ಬೇಗ ಸಾಯೋದು, ಎಲ್ಲ ಇದರ ಜೊತೆ ಬರುತ್ತೆ. "ತಂದೆ" ಅಂತ ಒಂದು ಕಾಲಂ ಇದ್ದರೆ, ಯಾವ ಹೆಣ್ಣುಮರಿಗಳು ದೊಡ್ಡವಾಗ್ತಿವೆ, ಟಗರನ್ನ ಯಾವಾಗ ಬದಲಾಯಿಸಬೇಕು ಅಂತ ಒಂದು ಫಿಲ್ಟರ್ ಹಾಕಿದರೆ ಗೊತ್ತಾಗುತ್ತೆ.

ದಾಖಲೆಗೆ ಎಷ್ಟು ಶಕ್ತಿ ಇದೆ ಅನ್ನೋಕೆ ನಿಜವಾದ ಉದಾಹರಣೆ ನಾರಿ ಸುವರ್ಣ. ಮಹಾರಾಷ್ಟ್ರದ ಫಲ್ಟಣದಲ್ಲಿರೋ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆಯವರು ದಖನಿ ಕುರಿಗೆ ಬಂಗಾಳದ ಸುಂದರಬನದ ಗರೋಲ್ ಕುರಿಯಿಂದ ಅವಳಿ ಮರಿ ಕೊಡೋ ಜೀನ್ ಒಂದನ್ನ ತಂದು ಸೇರಿಸಿದ ತಳಿ ಅದು. ನಮ್ಮ ರಾಜ್ಯದಲ್ಲೂ ಅದನ್ನ ಸಾಕೋರಿದ್ದಾರೆ. ಅದೇ ಜೀನ್ ಮೊದಲು ಹೆಸರುವಾಸಿ ಆದದ್ದು ಆಸ್ಟ್ರೇಲಿಯಾದ ಬೂರೂಲಾ ಅನ್ನೋ ಫಾರ್ಮ್‌ನ ಮೆರಿನೋ ಕುರಿಗಳಲ್ಲಿ. ಆ ಫಾರ್ಮ್‌ನವರು ಒಂದಕ್ಕಿಂತ ಹೆಚ್ಚು ಮರಿ ಈಯುವ ಕುರಿಗಳನ್ನ ಗುರುತಿಸಿ ಆರಿಸ್ತಾ ಬಂದಿದ್ದರು. ಡಿಎನ್ಎ ಪರೀಕ್ಷೆ ಆಮೇಲೆ ಬಂತು. ಮೊದಲು ಇದ್ದದ್ದು, ಯಾವ ಕುರಿ ಎಷ್ಟು ಮರಿ ಹಾಕ್ತು ಅನ್ನೋ ಲೆಕ್ಕ ಮಾತ್ರ.

ಹಾಗಾದ್ರೆ ಆ್ಯಪ್ ಯಾಕೆ ಬೇಡ?

ಆ್ಯಪ್ ಮಾಡೋಕೆ ಬರಲ್ಲ ಅಂತ ಅಲ್ಲ. ಮಾಡಿದ ಮೇಲೆ ಏನಾಗುತ್ತೆ ಅಂತ ನಮಗೆಲ್ಲ ಗೊತ್ತು. ವೈವಾ ಮುಗಿಯುತ್ತೆ, ಫ್ರೀ ಸರ್ವರ್ ಅವಧಿ ಮುಗಿಯುತ್ತೆ, ಟೀಮ್ ಲೀಡರ್ ಬೆಂಗಳೂರಲ್ಲಿ ಕೆಲಸಕ್ಕೆ ಸೇರ್ತಾನೆ. ಆರು ತಿಂಗಳಾದ ಮೇಲೆ ಫೋನ್ ಅಪ್‌ಡೇಟ್ ಆಗಿ ಆ್ಯಪ್ ತೆರೆಯೋದೇ ಇಲ್ಲ. ಒಳಗೆ ಹಾಕಿದ ಡೇಟಾ ಅಲ್ಲೇ ಸಮಾಧಿ. ಪ್ರಾಜೆಕ್ಟಿಗೆ ಮಾರ್ಕ್ಸ್ ಸಿಕ್ತು, ರೈತನಿಗೆ ಏನು ಸಿಕ್ತು? ಇನ್ನೊಂದು ಸಲ ಕಾಲೇಜು ಹುಡುಗರು ಬಂದರೆ "ಹೋಗ್ರಪ್ಪಾ, ಕೆಲ್ಸ ಐತೆ" ಅನ್ನೋ ಬುದ್ಧಿ ಸಿಕ್ತು.

ಸ್ಪ್ರೆಡ್‌ಶೀಟ್ ಫೈಲು ಹಾಗಲ್ಲ. ಇವತ್ತು ಗೂಗಲ್ ಶೀಟ್ಸ್‌ನಲ್ಲಿ ಮಾಡಿ, ನಾಳೆ ಎಕ್ಸೆಲ್‌ನಲ್ಲಿ ತೆಗೀರಿ, ನಾಳಿದ್ದು ಲಿಬ್ರೆ ಆಫೀಸಲ್ಲಿ ನೋಡಿ, ಬೇಕಾದರೆ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ. ಮಾಡಿದವನು ಊರು ಬಿಟ್ಟರೂ ಹೈಸ್ಕೂಲ್ ಓದೋ ಹುಡುಗಿ ಅದರಲ್ಲಿ ಒಂದು ಕಾಲಂ ಸೇರಿಸಬಹುದು. ಆ್ಯಪಲ್ಲಿ ರೈತ ಬರೀ ಯೂಸರ್. ಶೀಟಲ್ಲಿ ಅವನೂ ಎಡಿಟರ್. ನಮ್ಮ ವಾದದ ತಿರುಳೇ ಇದು.

"ಇದೊಂದು ಇಂಜಿನಿಯರಿಂಗಾ?" ಅಂತ ಕೇಳೋರಿಗೆ ಒಂದು ಕಥೆ. ಜಗತ್ತಿನ ಮೊದಲ ಜನಪ್ರಿಯ ಸ್ಪ್ರೆಡ್‌ಶೀಟ್ ವಿಸಿಕ್ಯಾಲ್ಕ್ ಬಂದದ್ದು 1979ರಲ್ಲಿ, ಆ್ಯಪಲ್ ಟು ಕಂಪ್ಯೂಟರ್‌ಗೆ. ಅದರ ಕಲ್ಪನೆ ಡ್ಯಾನ್ ಬ್ರಿಕ್ಲಿನ್ ಅವರದು, ಕೋಡ್ ಬರೆದದ್ದು ಬಾಬ್ ಫ್ರಾಂಕ್‌ಸ್ಟನ್. ಆಗ ಬ್ರಿಕ್ಲಿನ್ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ವಿದ್ಯಾರ್ಥಿ. ಬೋರ್ಡಿನ ಮೇಲೆ ಒಂದು ಅಂಕಿ ಬದಲಾದರೆ ಪೂರ್ತಿ ಕೋಷ್ಟಕ ಅಳಿಸಿ ಬರೀಬೇಕಾಗೋ ಕಷ್ಟದಿಂದ ಹುಟ್ಟಿದ ಯೋಚನೆ ಅದು. ಬರೀ ಒಂದು ಲೆಕ್ಕದ ಹಾಳೆಗೋಸ್ಕರ ಜನ ಕಂಪ್ಯೂಟರ್ ಕೊಳ್ಳೋಕೆ ಶುರು ಮಾಡಿದರು. ಸರಳವಾಗಿರೋದನ್ನ ಸಣ್ಣದು ಅಂತ ಅಂದ್ಕೊಳ್ಳೋದು ನಮ್ಮ ಕ್ಯಾಂಪಸ್‌ಗಳ ಕಾಯಿಲೆ.

ಶೀಟ್ ಹೇಗಿರಬೇಕು

ಎಲ್ಲರಿಗೂ ಮೊದಲು ಹೊಳೆಯೋ ವಿನ್ಯಾಸ ಇದು: ಒಂದು ಕುರಿಗೆ ಒಂದು ಸಾಲು, ಆಮೇಲೆ ಅಡ್ಡಕ್ಕೆ ಮರಿ 1, ಮರಿ 2, ಲಸಿಕೆ 1, ಲಸಿಕೆ 2 ಅಂತ ಕಾಲಂ. ಎರಡು ವರ್ಷದಲ್ಲಿ ಈ ಶೀಟು ಬಲಕ್ಕೆ ಓಡಿ ಓಡಿ ಮೊಬೈಲಲ್ಲಿ ನೋಡೋಕೇ ಆಗಲ್ಲ. ಡಿಬಿಎಂಎಸ್ ಓದಿದ ಸೀನಿಯರ್‌ಗಳಿಗೆ ಕಾರಣ ಗೊತ್ತು. ಕುರಿ ಬೇರೆ, ಕುರಿಗೆ ಆದ ಘಟನೆ ಬೇರೆ. ಎರಡನ್ನೂ ಬೇರೆ ಹಾಳೆಯಲ್ಲೇ ಇಡಬೇಕು.

ಮೊದಲ ಹಾಳೆ "ಕುರಿ". ಒಂದು ಜೀವಕ್ಕೆ ಒಂದು ಸಾಲು. ಟ್ಯಾಗ್ ನಂಬರ್, ಕರೆಯೋ ಹೆಸರು ಅಥವಾ ಗುರುತು, ಹೆಣ್ಣೋ ಗಂಡೋ, ಹುಟ್ಟಿದ ದಿನ, ತಾಯಿ, ತಂದೆ, ಯಾರದು, ಹೋದ ದಿನ, ಹೋದದ್ದು ಹೇಗೆ.

ಎರಡನೆಯದು "ಘಟನೆ". ದಿನ, ಟ್ಯಾಗ್, ಏನಾಯ್ತು, ಎಷ್ಟು, ಟಿಪ್ಪಣಿ. ಅಷ್ಟೇ ಐದು ಕಾಲಂ. "ಏನಾಯ್ತು" ಕಾಲಂನಲ್ಲಿ ಡ್ರಾಪ್‌ಡೌನ್: ಟಗರಿಗೆ ಬಿಟ್ಟದ್ದು, ಈದದ್ದು, ತೂಕ, ಲಸಿಕೆ, ಜಂತುಹುಳು ಔಷಧಿ, ಕಾಯಿಲೆ, ಸಾವು, ಮಾರಾಟ. ಈ ಹಾಳೆ ಕೆಳಕ್ಕೆ ಮಾತ್ರ ಬೆಳೆಯುತ್ತೆ.

ಮೂರನೆಯದು "ಹಣ". ಬಂದದ್ದು, ಹೋದದ್ದು, ಯಾತಕ್ಕೆ. ಗೊಬ್ಬರ ಮಾರಿದ್ದು, ಬೇರೆಯವರ ಹೊಲದಲ್ಲಿ ಮಂದೆ ನಿಲ್ಲಿಸಿದ್ದಕ್ಕೆ ಬಂದದ್ದು, ಇವನ್ನೂ ಬರೀಬೇಕು. ಇವು ಯಾರ ಲೆಕ್ಕದಲ್ಲೂ ಸಿಗದೆ ಹೋಗೋ ಆದಾಯ.

ಇಷ್ಟಿದ್ದರೆ ಉಳಿದದ್ದು ಸೂತ್ರದ ಕೆಲಸ. ಟಗರಿಗೆ ಬಿಟ್ಟ ದಿನಕ್ಕೆ 150 ಕೂಡಿಸಿದರೆ ಈಯೋ ಅಂದಾಜು ದಿನ. ಅದು ಹತ್ತಿರ ಬಂದರೆ ಸಾಲು ಹಳದಿ ಆಗೋ ಹಾಗೆ ಕಂಡಿಷನಲ್ ಫಾರ್ಮ್ಯಾಟಿಂಗ್. ಇನ್ನೊಂದು ಉಪಯೋಗ ನೋಡಿ. ಬಕ್ರೀದ್ ಚಾಂದ್ರಮಾನದ ಹಬ್ಬ, ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಬರುತ್ತೆ. 2025ರಲ್ಲಿ ಜೂನ್ 7ಕ್ಕೆ ಇತ್ತು. ಮುಂದಿನದು 2026ರ ಮೇ ಕೊನೆಗೆ ಅಂತ ಲೆಕ್ಕ ಹಾಕಿದರೆ, ಅದಕ್ಕೆ ವರ್ಷ ತುಂಬಿದ ಟಗರು ಬೇಕಂದ್ರೆ 2025ರ ಮೇ ಒಳಗೆ ಹುಟ್ಟಿರಬೇಕು. ಅಂದ್ರೆ 2024ರ ಡಿಸೆಂಬರ್‌ನಲ್ಲಿ ತಾಯಿ ಗಬ್ಬ ಆಗಿರಬೇಕು. ಹದಿನೇಳು ತಿಂಗಳ ಮುಂದಾಲೋಚನೆ. ಕ್ಯಾಂಪಸ್ ಪ್ಲೇಸ್‌ಮೆಂಟಿಗೂ ನಾವು ಇಷ್ಟು ಮುಂಚೆ ಯೋಚನೆ ಮಾಡಲ್ಲ.

ಒಂದು ಕಟ್ಟುನಿಟ್ಟಿನ ನಿಯಮ: ಸತ್ತ ಕುರಿಯ ಸಾಲನ್ನ ಅಳಿಸಬಾರದು. "ಸತ್ತೋಯ್ತಲ್ಲ, ಇನ್ಯಾಕೆ" ಅನ್ನೋದು ಸಹಜ. ಆದರೆ ಕಲಿಯೋಕೆ ಇರೋದು ಅಲ್ಲೇ. ಮುಂಗಾರಿನ ಮೊದಲ ಮಳೆ ಬಿದ್ದು ಎಳೆ ಹುಲ್ಲು ಚಿಗುರಿದ ಹೊತ್ತಿಗೆ ಗಟ್ಟಿಮುಟ್ಟಾದ ಮರಿಗಳು ದಿಢೀರ್ ಅಂತ ಸತ್ತಿದ್ದರೆ ಅದು ಇಟಿ, ಅಂದ್ರೆ ಕರುಳುಬೇನೆ ಇರಬಹುದು ಅಂತ ಡಾಕ್ಟರು ಅನುಮಾನ ಪಡ್ತಾರೆ. ಅದರ ಲಸಿಕೆ ಮಳೆಗಾಲಕ್ಕೆ ಮುಂಚೆ ಆಗಬೇಕು. ಮೂರು ವರ್ಷದ ಸಾವುಗಳನ್ನ ತಿಂಗಳ ಪ್ರಕಾರ ಎಣಿಸಿದ ಒಂದು ಸಣ್ಣ ಕೋಷ್ಟಕ ತೋರಿಸಿದರೆ ಪಶುವೈದ್ಯರಿಗೆ ಅರ್ಧ ಕೆಲಸ ಮುಗಿದ ಹಾಗೆ. ಪಿಪಿಆರ್ ಲಸಿಕೆಯೂ ಅಷ್ಟೇ. ಯಾವ ಮರಿಗೆ ಆಗಿದೆ, ಆಮೇಲೆ ಹುಟ್ಟಿದ ಯಾವುದಕ್ಕೆ ಆಗಿಲ್ಲ ಅನ್ನೋದು ಪಟ್ಟಿ ಇಲ್ಲದೆ ಗೊತ್ತಾಗಲ್ಲ. ವಿಮೆ ಮಾಡಿಸಿದ್ದರಂತೂ ಕಿವಿಯ ಟ್ಯಾಗೇ ಆಧಾರ. ಟ್ಯಾಗ್ ಇಲ್ಲದಿದ್ದರೆ ಕ್ಲೇಮ್ ಇಲ್ಲ.

ಶೀಟೂ ಮೋಸ ಮಾಡುತ್ತೆ

ಹೊಗಳಿದ್ದೇ ಆಯ್ತು, ಬಯ್ಯೋದೂ ಇದೆ. ಟ್ಯಾಗ್ ನಂಬರನ್ನ 3-2 ಅಂತ ಬರೆದರೆ ಎಕ್ಸೆಲ್ ಅದನ್ನ ತಾರೀಖು ಮಾಡಿಬಿಡುತ್ತೆ. ಸರ್ಕಾರದ 12 ಅಂಕಿಯ ಕಿವಿ ಟ್ಯಾಗ್ ಹಾಕಿದರೆ 1 ಪಾಯಿಂಟ್ ಏನೋ ಇ ಪ್ಲಸ್ 11 ಅಂತ ತೋರಿಸುತ್ತೆ. ಮುಂದಿನ ಸೊನ್ನೆ ನುಂಗಿಹಾಕುತ್ತೆ. ಹಾಗಾಗಿ ಟ್ಯಾಗ್ ಕಾಲಂ ಶುರುವಿನಲ್ಲೇ ಟೆಕ್ಸ್ಟ್ ಅಂತ ಫಾರ್ಮ್ಯಾಟ್ ಮಾಡಬೇಕು. ಶೀಟಿನ ಲೊಕೇಲ್ ಅಮೆರಿಕ ಅಂತ ಇದ್ದರೆ 4/7 ಅನ್ನೋದು ಜುಲೈ 4 ಅಲ್ಲ, ಏಪ್ರಿಲ್ 7. ಈಯೋ ದಿನದ ಲೆಕ್ಕ ಮೂರು ತಿಂಗಳು ಆಚೀಚೆ! ಲೊಕೇಲ್ ಇಂಡಿಯಾ ಇಡಿ.

ಇದು ಕುರಿ ಕಾಯೋರ ಸಮಸ್ಯೆ ಮಾತ್ರ ಅಂದ್ಕೋಬೇಡಿ. ವಿಜ್ಞಾನಿಗಳು ಮಾರ್ಚ್1, ಸೆಪ್ಟ್2 ಅಂತ ಇದ್ದ ಜೀನ್‌ಗಳ ಹೆಸರನ್ನ ಎಕ್ಸೆಲ್ ತಾರೀಖು ಮಾಡುತ್ತೆ ಅಂತ ಬೇಸತ್ತು, 2020ರಲ್ಲಿ ಜೀನ್‌ಗಳ ಹೆಸರನ್ನೇ ಬದಲಾಯಿಸಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಹಳೆ ಎಕ್ಸೆಲ್ ಫೈಲಿನ 65,536 ಸಾಲಿನ ಮಿತಿಯಿಂದಾಗಿ ಸುಮಾರು 16,000 ಕೋವಿಡ್ ಪ್ರಕರಣಗಳು ಲೆಕ್ಕದಿಂದ ಬಿಟ್ಟುಹೋದವು. 46 ಕುರಿಗೆ ಆ ಮಿತಿ ಮುಟ್ಟೋಕೆ ಎಷ್ಟೋ ತಲೆಮಾರು ಬೇಕು ಬಿಡಿ. ಆದರೆ ಪಾಠ ಒಂದೇ: ಇದು ಡೇಟಾಬೇಸ್ ಅಲ್ಲ, ಎಚ್ಚರ ಬೇಕು. ಇನ್ನೂರು ಮುನ್ನೂರು ಕುರಿ, ಮೂರ್ನಾಲ್ಕು ಆಳು, ಎಲ್ಲರೂ ಒಟ್ಟಿಗೆ ಬರೆಯೋ ಫಾರ್ಮ್ ಆದರೆ ಆಗ ಬೇರೆ ವ್ಯವಸ್ಥೆ ಬೇಕು ಅಂತ ನಾವೂ ಒಪ್ತೀವಿ. ಅಲ್ಲಿಗೆ ಹೋಗೋ ಹೊತ್ತಿಗೆ ಈ ಹಾಳೆಗಳೇ ಅದರ ವಿನ್ಯಾಸ ಆಗಿರುತ್ತೆ.

ಬರೆಯೋರು ಯಾರು?

ನಮ್ಮ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಯಾವ ಪ್ರಾಜೆಕ್ಟ್ ರಿಪೋರ್ಟಿನಲ್ಲೂ ಇದು ಇರಲ್ಲ.

ಮಂದೆ ಹೊರಗೆ ಮೇಯಿಸೋದು ಮಾವ. ಆದರೆ ಎಳೆ ಮರಿಗಳು ಮನೆಯಲ್ಲಿ ಉಳಿಯುತ್ತವೆ, ಅವನ್ನ ನೋಡಿಕೊಳ್ಳೋದು ಅತ್ತೆ. ಯಾವ ಮರಿ ಹಾಲು ಕುಡೀತಿಲ್ಲ, ಯಾವುದಕ್ಕೆ ಭೇದಿ ಹತ್ತಿದೆ, ಯಾವುದು ಬೆಳಗ್ಗೆ ಏಳಲಿಲ್ಲ, ಮೊದಲು ಗೊತ್ತಾಗೋದು ಅವರಿಗೆ. ಸ್ಮಾರ್ಟ್‌ಫೋನ್ ಇರೋದು ಮಾವನ ಜೇಬಲ್ಲಿ. ಅಂದ್ರೆ ಮಾಹಿತಿ ಒಬ್ಬರ ಹತ್ತಿರ, ಸಾಧನ ಇನ್ನೊಬ್ಬರ ಹತ್ತಿರ. ಯಾವ ಸೆನ್ಸರ್ ಹಾಕಿದರೂ ಈ ಸಮಸ್ಯೆ ಬಗೆಹರಿಯಲ್ಲ.

ಬಗೆಹರಿಸೋ ವಸ್ತು ಆ ಮನೆಯ ಗೋಡೆ ಮೇಲೇ ಇತ್ತು: ಕ್ಯಾಲೆಂಡರ್. ಹಾಲಿನ ಲೆಕ್ಕ, ಸಂಘದ ಕಂತು, ಗ್ಯಾಸ್ ಬಂದ ದಿನ, ಎಲ್ಲವನ್ನೂ ಅತ್ತೆ ಅದರ ಚೌಕದೊಳಗೆ ಪೆನ್ನಲ್ಲಿ ಗುರುತು ಹಾಕ್ತಾರೆ. ಅದೇ ಚೌಕದಲ್ಲಿ "ಕಪ್ಪಿ ಈದ್ಲು 2" ಅಂತ ಬರೆದರೆ ದಾಖಲೆ ಮುಗೀತು. ಭಾನುವಾರ ಒಂದ್ಸಲ ಅವರ ಮಗಳು, ಒಂಬತ್ತನೇ ಕ್ಲಾಸಿನವಳು, ಕ್ಯಾಲೆಂಡರ್ ನೋಡಿ ಶೀಟಿಗೆ ಏರಿಸ್ತಾಳೆ. ಹತ್ತು ನಿಮಿಷದ ಕೆಲಸ. ನೆಟ್ ಇಲ್ಲದಿದ್ದರೆ ಆಫ್‌ಲೈನ್ ಇಟ್ಟುಕೊಂಡ ಶೀಟು ಆಮೇಲೆ ತಾನೇ ಸಿಂಕ್ ಆಗುತ್ತೆ. ಪೇಪರ್ ಮೊದಲು, ಶೀಟ್ ಆಮೇಲೆ. ಪೇಪರಿನ ಲೆಕ್ಕ ಇಲ್ಲದ ಮನೆಗೆ ಡಿಜಿಟಲ್ ಲೆಕ್ಕ ತರೋಕೆ ಹೋದರೆ ಬೇರಿಲ್ಲದ ಗಿಡ ನೆಟ್ಟ ಹಾಗೆ.

ಅದಕ್ಕೇ ಶೀಟು ಕನ್ನಡದಲ್ಲಿರಬೇಕು ಅಂತ ಹಟ ಹಿಡೀತೀವಿ. ಇದು ನವೆಂಬರ್ ಒಂದರ ಅಭಿಮಾನ ಅಲ್ಲ. "ಲ್ಯಾಂಬಿಂಗ್ ಡೇಟ್" ಅಂತ ಕಾಲಂ ಇದ್ದರೆ ಅದನ್ನ ತುಂಬಬಲ್ಲವಳು ಆ ಮನೆಯಲ್ಲಿ ಮಗಳು ಮಾತ್ರ. "ಈದ ದಿನ" ಅಂತ ಇದ್ದರೆ ಅತ್ತೆ ಓದಿ "ಇದು ತಪ್ಪೈತೆ, ಅದು ಸೋಮವಾರ ಅಲ್ಲ, ಭಾನುವಾರ" ಅಂತ ತಿದ್ದುತ್ತಾರೆ. ತಿದ್ದೋಕಾಗದ ದಾಖಲೆ ದಾಖಲೆ ಅಲ್ಲ. ಗಬ್ಬ, ಬೆದೆ, ಈತ, ರೊಪ್ಪ, ಇವು ಇಂಗ್ಲಿಷ್ ಮೀಡಿಯಂನ ನಮಗೆ ಹೊಸ ಪದಗಳು. ಆದರೆ ಎಷ್ಟು ಚೊಕ್ಕ! ಒಂದೊಂದು ಪದ ಒಂದೊಂದು ಕಾಲಂ ಹೆಸರಾಗೋಕೆ ಹೇಳಿ ಮಾಡಿಸಿದ ಹಾಗಿದೆ. ಅಂಕಿಗಳನ್ನ ಮಾತ್ರ 1, 2, 3 ಅಂತಲೇ ಬರೀರಿ, ಸೂತ್ರಕ್ಕೆ ತೊಂದರೆ ಆಗಬಾರದು.

ಪಾಲಿನ ಕುರಿಗಳ ವಿಷಯಕ್ಕೆ ಮತ್ತೆ ಬರೋಣ. "ಯಾರದು" ಅನ್ನೋ ಕಾಲಂನಿಂದ ಫಿಲ್ಟರ್ ಮಾಡಿ, ಆ 9 ಕುರಿಗಳ ಹಾಳೆಯನ್ನ ಮೂರು ತಿಂಗಳಿಗೊಂದ್ಸಲ ಪ್ರಿಂಟ್ ತೆಗೆದು ಪಾಲುದಾರರಿಗೆ ಕೊಡಬೇಕು. ಇಬ್ಬರೂ ಸಹಿ ಹಾಕಬೇಕು. ಶೀಟು ಯಾರ ಫೋನಲ್ಲಿದೆಯೋ ಅವರ ಮಾತೇ ನಡೆಯೋ ಹಾಗಾದರೆ ಅದು ಹಳೇ ಸಾಹುಕಾರನ ಖಾತೆ ಪುಸ್ತಕದ ಹಾಗೇ ಆಗುತ್ತೆ. ಬರೆಯೋಕೆ ಬರೋರು ಬಾರದವರನ್ನ ಹೆದರಿಸೋಕೆ ಲೆಕ್ಕ ಬಳಸಿದ ಕಾಲ ನಮ್ಮಲ್ಲಿ ಇತ್ತು. ಅದಕ್ಕೆ ನಾವು ಹೊಸ ಸಾಫ್ಟ್‌ವೇರ್ ಬರೆದುಕೊಡೋದು ಬೇಡ. ಇದರ ಜೊತೆಗೆ, "ಲಿಂಕ್ ಇದ್ದವರೆಲ್ಲ ಎಡಿಟ್ ಮಾಡಬಹುದು" ಅಂತ ಶೇರ್ ಮಾಡಬೇಡಿ. ಯಾರ ಮನೆಯಲ್ಲಿ ಎಷ್ಟು ಟಗರು ಇದೆ ಅನ್ನೋದು ಊರಿಗೆಲ್ಲ ಹೇಳೋ ವಿಷಯ ಅಲ್ಲ.

ಈಗ ಏನು ಮಾಡೋಣ

ನಮ್ಮ ಕ್ಲಾಸಲ್ಲಿ ಎಷ್ಟು ಜನರ ಮನೆಯಲ್ಲಿ, ಅಜ್ಜಿ ಊರಲ್ಲಿ, ಪಕ್ಕದ ಹಟ್ಟಿಯಲ್ಲಿ ಕುರಿ ಇದೆ ಅಂತ ಕೇಳಿ ನೋಡಿ. ಹೇಳೋಕೆ ನಾಚಿಕೊಂಡು ಸುಮ್ಮನಿರೋರು ಹತ್ತಾರು ಜನ ಸಿಗ್ತಾರೆ. ಆ ಹಳೇ ಬೈಗುಳ ಮಾಡಿದ ಕೆಲಸ ಅದು.

ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ಒಂದು ದಿನ ಮಂದೆ ಹಿಂದೆ ನಡೀರಿ. ಮೊದಲ ದಿನ ಲ್ಯಾಪ್‌ಟಾಪ್ ಬೇಡ. "ನಿಮಗೆ ಏನು ಗೊತ್ತಾಗಬೇಕು?" ಅಂತ ಕೇಳಿ. ಮಾವನನ್ನ ಕೇಳಿದಾಗ ಬಂದ ಉತ್ತರ ಒಂದೇ ಸಾಲು: "ಯಾವ್ದನ್ನ ಮಾರ್ಲಿ, ಯಾವ್ದನ್ನ ಇಟ್ಕಳ್ಳಿ, ಅದ್ ಹೇಳ್ರಪ್ಪಾ ಸಾಕು." ಆ ಪ್ರಶ್ನೆಗೆ ಉತ್ತರ ಕೊಡದ ಕಾಲಂ ಯಾವುದೂ ಶೀಟಲ್ಲಿ ಬೇಡ. ಮನೆಯವರು ತಿಂಗಳಾದ ಮೇಲೂ ತುಂಬದೆ ಬಿಟ್ಟ ಕಾಲಂ ಇದ್ದರೆ ಕಿತ್ತುಹಾಕಿ. ಅವರೇ ಸೇರಿಸಿದ ಕಾಲಂ ಇದ್ದರೆ ಅದನ್ನ ಮುಟ್ಟಬೇಡಿ.

ಮೂರು ಹಾಳೆಯ ಖಾಲಿ ಶೀಟನ್ನ ಕನ್ನಡ ಸಂಘದ ಡ್ರೈವ್‌ನಲ್ಲಿ ಹಾಕಿದ್ದೀವಿ. ಕಾಪಿ ಮಾಡಿಕೊಳ್ಳಿ. ಬಳ್ಳಾರಿ ಕಡೆಯವರು, ಬೆಳಗಾವಿ ಕಡೆಯವರು ನಿಮ್ಮ ಊರಿನ ಪದಗಳನ್ನ ಕಾಲಂ ಹೆಸರಾಗಿ ಹಾಕಿ ವಾಪಸ್ ಕಳಿಸಿ. ನಮ್ಮ ರೊಪ್ಪಕ್ಕೆ ನಿಮ್ಮಲ್ಲಿ ಏನಂತಾರೋ ನೋಡೋಣ. ಮೇಕೆ ಸಾಕೋರಿಗೂ ಇದೇ ಶೀಟು ನಡೆಯುತ್ತೆ, ಟಗರು ಇದ್ದ ಕಡೆ ಹೋತ ಅಂತ ಮಾಡಿಕೊಂಡರೆ ಆಯ್ತು. ಮಿನಿ ಪ್ರಾಜೆಕ್ಟಿಗೆ ಇದನ್ನ ಒಪ್ತಾರಾ ಅಂತ ಗೈಡ್ ಹತ್ತಿರ ನಾವಂತೂ ಕೇಳೋರಿದ್ದೀವಿ. ಒಪ್ಪಿದರೆ ಸಂತೋಷ. ಒಪ್ಪದಿದ್ದರೂ ಭಾನುವಾರ ಕ್ಯಾಲೆಂಡರ್ ನೋಡಿ ಶೀಟ್ ತುಂಬೋ ಕೆಲಸ ನಿಲ್ಲಲ್ಲ, ಯಾಕಂದ್ರೆ ಅದು ಈಗ ನಮ್ಮ ಕೈಯಲ್ಲಿಲ್ಲ, ಆ ಮನೆಯವರ ಕೈಯಲ್ಲಿದೆ.